ಓಗೊಡುವ ಪೆಟ್ಟಿಗೆ

ಹತ್ತಿರ ಬನ್ನಿ. ಇನ್ನೂ ಹತ್ತಿರ... ಇದು ದನಿ ಎತ್ತಿ ಹೇಳೋ ವಿಷಯ ಅಲ್ಲ. ಕರೆಂಟ್ ಹೆಂಗೂ ಈಗಲೇ ಬರಲ್ಲ. ಆ ಮೊಬೈಲ್ ಟಾರ್ಚ್ ಆರ್ಸೋ ಮಗಾ, ಕಣ್ಣಿಗೆ ಬಿಡ್ಬೇಡ.

ನಮ್ಮ ನಂದಿತಾ ಗೊತ್ತಲ್ಲ? ತುಮಕೂರಿನ ಉಪ್ಪಾರಹಳ್ಳಿ ಬಡಾವಣೆ ಶಕುಂತಲಮ್ಮ ಚಿಕ್ಕಮ್ಮನ ಮಗಳು. ಅಲ್ಲೇ ಇಂಜಿನಿಯರಿಂಗ್ ಕಾಲೇಜಲ್ಲಿ ಎಂ.ಟೆಕ್ ಮಾಡ್ತಿದ್ಲು. ಅವಳಿಗೆ ಆದದ್ದು ಇದು. ಅವರಿವರು ಹೇಳಿದ್ದಲ್ಲ... ಅರ್ಧಕ್ಕೆ ನಾನೇ ಇದ್ದೆ.

ಒಂದು ರಾತ್ರಿ ಲ್ಯಾಬಲ್ಲಿ ಕೆಲಸ ಮುಗಿಸಿ ಕೊನೇ ಸಿಟಿ ಬಸ್ಸಿಗೆ ಬಂದು ಇಳಿದಿದ್ಲು. ಬೆನ್ನಿಗೆ ಬ್ಯಾಗು. ಬ್ಯಾಗಲ್ಲಿ ಅವಳ ಪ್ರಾಜೆಕ್ಟಿನ ಪೆಟ್ಟಿಗೆ. ಅವರ ಬೀದಿಗೆ ತಿರುಗೋ ಕಡೆ ಒಂದು ಹಳೇ ಬಾವಿ ಇದೆ, ಮೇಲೆ ಕಬ್ಬಿಣದ ಜಾಲರಿ ಹಾಕಿದಾರೆ. ಹಗಲು ಹೊತ್ತು ಅದರ ಕಟ್ಟೆ ಮೇಲೆ ಸೊಪ್ಪು ಮಾರ್ತಾರೆ. ರಾತ್ರಿ ಯಾರೂ ಇರಲ್ಲ. ಬೀದಿ ದೀಪ ಒಂದು ಹತ್ತಿ ಆರಿ ಹತ್ತಿ ಆರಿ ಮಾಡ್ತಿತ್ತು... ಜುಯ್ಯ್ ಅಂತ ಅದರ ಸದ್ದು.

ಬಾವಿ ದಾಟಿದ್ಲು. ಆಗ ಹಿಂದಿನಿಂದ...

"ಕೌಸಲ್ಯಾ..."

ಹೆಂಗಸಿನ ದನಿ. ವಯಸ್ಸಾದ ದನಿ. ದೀಪ ಹಚ್ಚೋ ಹೊತ್ತಲ್ಲಿ ತಾಯಂದ್ರು ಮಕ್ಕಳನ್ನ ಕರೀತಾರಲ್ಲ, ಕೊನೇ ಅಕ್ಷರ ಎಳೆದು... ಹಂಗೆ.

ನಂದಿತಾ ನಿಂತ್ಲು. ತಿರುಗಿ ನೋಡೋಣ ಅನ್ನೋವಷ್ಟರಲ್ಲಿ ಅವಳ ಬೆನ್ನ ಮೇಲೇ... ಟಕ್... ಅಂತು.

ಆಮೇಲೆ ಬ್ಯಾಗಿನೊಳಗಿಂದ, "ಓ... ಬಂದೆ."

ಅದು ಅವಳದೇ ದನಿ.

ಅವಳು ತಿರುಗಲಿಲ್ಲ. ಓಡಲೂ ಇಲ್ಲ. ಚಪ್ಪಲಿ ಚಟ್ ಚಟ್ ಅಂತ ಸದ್ದು ಮಾಡ್ತಾ ನಡೆದ್ಲು. ಹಿಂದೆ ಹೆಜ್ಜೆ ಸದ್ದು ಇರಲಿಲ್ಲ. ಮನೆ ಸೇರಿ, "ಬಸ್ ಲೇಟಮ್ಮ" ಅಂತ ಚಿಕ್ಕಮ್ಮನಿಗೆ ಒಂದು ಸುಳ್ಳು ಹೇಳಿ, ರೂಮಿಗೆ ಹೋಗಿ ಪೆಟ್ಟಿಗೆ ಬಿಚ್ಚಿ ಬ್ಯಾಟರಿ ವೈರು ಕಿತ್ತು ಹಾಕಿದ್ಲು. ಆ ಕೂಗು ಅವಳಿಗೆ ಹೊಸದಲ್ಲ, ಲ್ಯಾಬಲ್ಲಿ ಎಷ್ಟೋ ಸಲ ಕೇಳಿದ್ಲು. ಆದ್ರೆ ಅದು ಗುಬ್ಬಿ ಆಚೆ ಒಂದು ತೋಟದಲ್ಲಿ ಇರಬೇಕಾದ ಕೂಗು. ತುಮಕೂರಿಗೆ ಹೆಂಗೆ ಬಂತು?

ಏನ್ಲಾ ನಗ್ತೀಯ? ನಗು. ನಾನೂ ಮೊದಲು ನಕ್ಕಿದ್ದೆ.

ಈ ಪೆಟ್ಟಿಗೆ ಏನು ಅಂತ ಹೇಳಿಬಿಡ್ತೀನಿ. ನಿಮಗೆ ಗೊತ್ತಿರೋದೇ, ಹಳ್ಳಿಗೆ ತ್ರೀಫೇಸ್ ಕರೆಂಟ್ ಕೊಡೋದು ಅಪರಾತ್ರಿಲಿ. ಮೋಟ್ರು ಹಾಕೋಕೆ ಕತ್ತಲಲ್ಲಿ ತೋಟಕ್ಕೆ ಹೋಗ್ಬೇಕು. ಹಾವು, ಹುಳ, ಶಾಕು. ನನ್ನದು ಗುಬ್ಬಿಲಿ ಮೋಟ್ರು ರಿವೈಂಡಿಂಗ್ ಅಂಗಡಿ, ಇಂಥ ಸಾವಿನ ಸುದ್ದಿ ಕೇಳಿ ಕೇಳಿ ಸಾಕಾಗಿದೆ. ನಂದಿತಾಳ ಪ್ರೊಫೆಸರ್ ಪ್ರಭುದೇವ ಸರ್ ಅದಕ್ಕೊಂದು ದಾರಿ ಹುಡುಕಿದ್ರು. "ಮುದುಕರಿಗೆ ಆ್ಯಪ್ ಗೀಪ್ ಬೇಡ. ಅಂಗಳದಲ್ಲಿ ನಿಂತು ಹೆಸರು ಹಿಡಿದು ಕೂಗಿದ್ರೆ ಪಂಪ್‌ಹೌಸಿಂದ ಪೆಟ್ಟಿಗೆ ಓಗೊಡಬೇಕು. ಆಮೇಲೆ ಮೋಟ್ರು ಹಾಕು ಅಂದ್ರೆ ಹಾಕಬೇಕು, ಆರ್ಸು ಅಂದ್ರೆ ಆರ್ಸಬೇಕು." ಅಷ್ಟೇ. ಒಳ್ಳೇ ಕೆಲಸ ಕಣ್ರೋ, ಅದರಲ್ಲಿ ತಪ್ಪು ಹುಡುಕ್ಬೇಡಿ. ಪೇಪರಲ್ಲೂ ಬಂತು, ‘ಕೂಗಿದರೆ ಓಗೊಡುವ ಪಂಪು’ ಅಂತ. ನಂದಿತಾ, ಅವಳ ಜೊತೆ ಓದೋ ಶಮಂತ್, ಇಬ್ಬರೂ ಪೆಟ್ಟಿಗೆ ಹಿಡ್ಕೊಂಡು ನಿಂತಿರೋ ಫೋಟೋ. ಚಿಕ್ಕಮ್ಮ ಅದನ್ನ ಫ್ರಿಜ್ ಮೇಲೆ ಅಂಟಿಸಿದ್ರು.

ಪೆಟ್ಟಿಗೆಗೆ ದನಿ ಬೇಕಿತ್ತಲ್ಲ, ನಂದಿತಾಳದೇ ರೆಕಾರ್ಡ್ ಮಾಡಿದ್ರು. "‘ಹೇಳಿ, ನಾನು ನಿಮಗೆ ಹೇಗೆ ಸಹಾಯ ಮಾಡಲಿ’ ಅಂತ ಹೇಳು" ಅಂದನಂತೆ ಶಮಂತ್.

ಇವಳು ಬೈದ್ಲು. "ನಮ್ ಕಡೆ ಕೂಗಿದ್ರೆ ಯಾರಾದ್ರೂ ಹಂಗಂತಾರೇನೋ? ‘ಓ, ಬಂದೆ’ ಅಂತಾರೆ ಕಣೋ."

ಹಂಗೇ ರೆಕಾರ್ಡಾಯ್ತು.

ಪಂಪ್‌ಹೌಸ್ ಕೊಡಿಸಿದ್ದು ನಾನು. ನನ್ನ ಗಿರಾಕಿ ವೀರಭದ್ರಯ್ಯ ಅಂತ, ಗುಬ್ಬಿ ತಾಲ್ಲೂಕು. ಊರ ಹೆಸರು ಬೇಡ ಬಿಡಿ, ಅವರೂ ಬಾಳಬೇಕು. ಅವರ ತೋಟದಲ್ಲಿ ಆಲದ ಮರ, ಮರದ ಬುಡದಲ್ಲಿ ಮೆಟ್ಟಿಲು ಬಾವಿ, ಪಕ್ಕದಲ್ಲೇ ಬೋರ್‌ವೆಲ್ಲು, ಪಂಪ್‌ಹೌಸ್. ಮನೆ ಅಂಗಳದಿಂದ ಕೂಗು ಮುಟ್ಟುವಷ್ಟು ದೂರ.

ಉಳಿದದ್ದು ಹೆಸರು. ಪೆಟ್ಟಿಗೆಗೊಂದು ಹೆಸರಿಡಬೇಕು. ರಂಗಮ್ಮ ಅಂತಲೋ ಲಕ್ಷ್ಮಿ ಅಂತಲೋ ಇಟ್ರೆ, ಯಾರೋ ಯಾರನ್ನೋ ಕರೆದಾಗೆಲ್ಲ ಮೋಟ್ರು ಎಚ್ಚರಾಗುತ್ತೆ. ಅದಕ್ಕೆ ಊರಲ್ಲಿ ಯಾರಿಗೂ ಇಲ್ಲದ ಹೆಸರು ಬೇಕು. ಇಬ್ಬರೂ ಮನೆ ಮನೆಗೆ ಹೋಗಿ ಎಲ್ಲರ ಹೆಸರು ಕೇಳ್ಕೊಂಡು ಬಂದ್ರು. ಇಂಜಿನಿಯರ್ ಬುದ್ಧಿ ನೋಡಿ. ಸುತ್ತಮುತ್ತ ಎಲ್ಲಾ ಊರಲ್ಲೂ ಇರೋ ಒಂದು ಹೆಸರು ಆ ಊರಲ್ಲಿ ಮಾತ್ರ ಒಬ್ಬರಿಗೂ ಇರಲಿಲ್ಲ. ಕೌಸಲ್ಯ. ಶಮಂತ್‌ಗೆ ಖುಷಿಯೋ ಖುಷಿ. ಯಂತ್ರದ ಕಿವಿಗೆ ಬಲು ಸ್ಪಷ್ಟವಾದ ಹೆಸರಂತೆ.

ನಂದಿತಾ ವೀರಭದ್ರಯ್ಯನ್ನ ಮತ್ತೊಂದು ಸಲ ಕೇಳಿದ್ಲು. "ಅಜ್ಜಾ, ನಿಮ್ಮೂರಲ್ಲಿ ಕೌಸಲ್ಯ ಅಂತ ಯಾರೂ ಇಲ್ಲ ತಾನೆ?"

ಅವರು ಬಾಯಲ್ಲಿದ್ದ ಎಲೆಅಡಿಕೆ ಪಕ್ಕಕ್ಕೆ ಉಗಿದು ಬಂದು, "ಇಲ್ಲ ಕಣವ್ವ... ಯಾರೂ ಇಲ್ಲ" ಅಂದ್ರು.

ಪೆಟ್ಟಿಗೆ ಕೂರಿಸಿ ಬಂದ್ರು. ಚೆನ್ನಾಗೇ ನಡೀತು. ಪೆಟ್ಟಿಗೆ ಎಚ್ಚರಾದಾಗೆಲ್ಲ ಆ ಕೂಗನ್ನ ರೆಕಾರ್ಡ್ ಮಾಡಿ ಲ್ಯಾಬಿಗೆ ಕಳಿಸ್ತಿತ್ತು, ಯಾರ ದನಿ ಹಿಡೀತು ಯಾರದ್ದು ಬಿಡ್ತು ಅಂತ ನೋಡೋಕೆ. ಕೇಳಿದ್ರೆ ವೀರಭದ್ರಯ್ಯನ ಗೊಗ್ಗರು ದನಿ, ಆಳುಮಗನ ದನಿ... ಮತ್ತೆ ಒಂದು ಹೆಂಗಸಿನ ದನಿ. ಮುಸ್ಸಂಜೆ ಮೀರಿದ ಮೇಲೆ ಮಾತ್ರ.

ಮೊದಮೊದಲು ಬಹಳ ದೂರದಿಂದ. ಕಪ್ಪೆ ವಟಗುಟ್ಟೋದು ಕೇಳುತ್ತೆ, ಜೀರುಂಡೆ ಕೇಳುತ್ತೆ... ಇದ್ದಕ್ಕಿದ್ದಂಗೆ ಎರಡೂ ನಿಲ್ಲುತ್ತೆ. "ಕೌಸಲ್ಯಾ..." ಆಮೇಲೆ ಪೆಟ್ಟಿಗೆ ಎಚ್ಚರಾಗೋ ಟಕ್. ಆಮೇಲೆ ನಂದಿತಾಳ ದನಿ, "ಓ... ಬಂದೆ." ಆಮೇಲೆ ಒಂದು ಉಸಿರು. ಅತ್ತು ಸುಸ್ತಾದವರು ಎಳೀತಾರಲ್ಲ, ಅಂಥ ಉಸಿರು. ಮೋಟ್ರು ಹಾಕು ಅಂತ ಆ ಹೆಂಗಸು ಒಂದು ದಿನಾನೂ ಹೇಳಲಿಲ್ಲ.

ನಂದಿತಾ ವೀರಭದ್ರಯ್ಯಂಗೆ ಫೋನ್ ಮಾಡಿದ್ಲು. "ಅಜ್ಜಾ, ನಿಮ್ಮನೆ ಅಜ್ಜಿ ಸುಮ್ಸುಮ್ನೆ ಪೆಟ್ಟಿಗೆ ಕೂಗ್ತಾರಾ?"

"ನಮ್ಮನೇಲಿ ಹೆಂಗಸ್ರೇ ಇಲ್ವಲ್ಲವ್ವ. ಎಲ್ಲಾ ಕುಣಿಗಲ್‌ಗೆ ಹೋಗವ್ರೆ, ಮಗಳ ಬಾಣಂತನಕ್ಕೆ."

ಫೋನ್ ಇಟ್ಟರಂತೆ, ಅವರಾಗೇ. ಯಾಕೆ ಕೇಳ್ತೀಯ ಅಂತಾನೂ ಅನ್ನಲಿಲ್ಲ.

ಶಮಂತ್ ಆ ದನಿಗಳನ್ನೆಲ್ಲ ಸಾಲಾಗಿ ಜೋಡಿಸಿ ಕಂಪ್ಯೂಟರಲ್ಲಿ ತೋರಿಸಿದ. ದಿನದಿಂದ ದಿನಕ್ಕೆ ಅಲೆ ದೊಡ್ಡದಾಗ್ತಾ ಬಂದಿತ್ತು. ಕೂಗೋಳು ಹತ್ತಿರ ಬರ್ತಿದ್ಲು, ಅಂಗಳದಿಂದ ಕಣದ ಕಡೆಗೆ, ಕಣದಿಂದ ಬದುವಿನ ಕಡೆಗೆ. ಸರ್ ಅದನ್ನ ನೋಡಿ, "ಮೈಕು ಕೆಟ್ಟಿರಬೇಕು, ಬದಲಾಯಿಸಿ" ಅಂದ್ರು. ಆಮೇಲೆ ಇನ್ನೊಂದು ಮಾತು ಹೇಳಿದ್ರು. "ಆದ್ರೆ ದನಿ ಬಿಸಾಡ್ಬೇಡಿ. ವಯಸ್ಸಾದ ಹೆಂಗಸಿನ ದನಿ ನಮ್ಮ ಹತ್ರ ಕಮ್ಮಿ ಇದೆ. ಪೆಟ್ಟಿಗೆಗೆ ಇದನ್ನೇ ಕಲಿಸಿ."

ಕಲಿಸಿದ್ರು. ರಾತ್ರಿಯೆಲ್ಲ ಕೂತು, ಅದೇ ಕೂಗನ್ನ ಮತ್ತೆ ಮತ್ತೆ ಪೆಟ್ಟಿಗೆಗೆ ಕೇಳಿಸಿ ಕಲಿಸಿದ್ರು. ಇನ್ಮೇಲೆ ಆಕೆ ಎಷ್ಟು ಮೆಲ್ಲಗೆ ಕೂಗಿದ್ರೂ ಸರಿ... ಪೆಟ್ಟಿಗೆ ಓಗೊಡುತ್ತೆ. ಯಾರಾದ್ರೂ ಮಾಡೋ ಕೆಲಸವಾ ಇದು? ಓದಿದವರು ಬಿಟ್ರೆ ಇನ್ಯಾರೂ ಮಾಡಲ್ಲ.

ತೋಟದಿಂದ ಬಂದ ಕೊನೇ ರೆಕಾರ್ಡು ನಂದಿತಾ ಒಬ್ಬಳೇ ಹೆಡ್‌ಫೋನ್ ಹಾಕ್ಕೊಂಡು ಕೇಳಿದ್ದು. ಈ ಸಲ ಕೂಗು ಇರಲಿಲ್ಲ. ಪಿಸುಮಾತು. ಮೈಕಿಗೆ ತುಟಿ ತಾಗೋ ಹಾಗೆ. ಪೆಟ್ಟಿಗೆ "ಓ... ಬಂದೆ" ಅಂತು. ಅದಕ್ಕೆ ಆಕೆ...

"ಬಂದೆ ಅಂತೀಯ... ಬರಲ್ವಲ್ಲೇ."

ನಂದಿತಾ ಹೆಡ್‌ಫೋನ್ ಕಿತ್ತು ಟೇಬಲ್ ಮೇಲೆ ಎಸೆದ್ಲು. ಅಳು ಬಂತಂತೆ ಅವಳಿಗೆ, ಹೆದರಿಕೆಗಿಂತ ಮೊದಲು ಅಳು. ಮಾರನೇ ದಿನವೇ ರಿಪೇರಿ ನೆಪ ಹೇಳಿ ಪೆಟ್ಟಿಗೆ ಬಿಚ್ಚಿಸಿ ತುಮಕೂರಿಗೆ ತಂದ್ರು. ಕಾಲೇಜಲ್ಲಿ ಡೆಮೋ ಹತ್ತಿರ ಬಂದಿತ್ತು, ಹೆಸರು ಬದಲಾಯಿಸಿದ್ರೆ ಎಲ್ಲಾ ಮೊದಲಿಂದ ಕಲಿಸಬೇಕು, ಅದಕ್ಕೆ ಸರ್ ಒಪ್ಪಲಿಲ್ಲ. ಮನೇಲಿ ಕೂತು ಕೆಲಸ ಮುಗಿಸೋಣ ಅಂತ ಬ್ಯಾಗಿಗೆ ಹಾಕ್ಕೊಂಡು ಹೊರಟಳಲ್ಲ, ಆ ರಾತ್ರಿಯೇ ಬಾವಿ ಹತ್ತಿರ ಆದದ್ದು ನಾನು ಆಗಲೇ ಹೇಳಿದ್ದು.

ಬೆಳಿಗ್ಗೆ ಅಂಗಡಿ ಬಾಗಿಲು ತೆಗೀತಿದ್ದೆ. ನಂದಿತಾಳ ಫೋನ್ ಬಂತು.

"ಸೋಮಣ್ಣ... ಅವಳು ಇಲ್ಲಿಗೆ ಬಂದವ್ಳೆ ಕಣಣ್ಣ."

"ಯಾರೇ?"

"ನನ್ ದನಿ ಹಿಂದೆ ಬಂದವ್ಳೆ."

ನಾನು ನಕ್ಕೆ ಅಂದ್ನಲ್ಲ, ಆಗಲೇ. ಆದ್ರೆ ಸಾಯಂಕಾಲ ಉಪ್ಪಾರಹಳ್ಳಿಗೆ ಹೋದೆ. ಮುಖ ನೋಡಿ ನಗು ಹೋಯ್ತು. ಕಣ್ಣು ಗುಳಿ ಬಿದ್ದಿತ್ತು. ಚಿಕ್ಕಮ್ಮ ಆಗಲೇ ದೇವರಾಯನದುರ್ಗಕ್ಕೆ ಹೋಗಿ ದಾರ ಮಂತ್ರಿಸಿಕೊಂಡು ಬಂದು ಕೈಗೆ ಕಟ್ಟಿದ್ರು. ಮಗಳು ನಿದ್ದೇಲಿ "ಬಂದೆ, ಬಂದೆ" ಅಂತ ರಾತ್ರಿಯೆಲ್ಲ ಎದ್ದೆದ್ದು ಕೂತ್ಲು ಅಂತ ನನ್ನ ಹತ್ರ ಬಾಗಿಲ ಮರೇಲಿ ಅತ್ತರು. ಒಬ್ಬಳೇ ಮಗಳು. ಅವರ ಸಂಕಟ ನನ್ನಿಂದ ನೋಡೋಕಾಗಲಿಲ್ಲ.

ಮಾರನೇ ದಿನ ನಂದಿತಾನ ಬೈಕಲ್ಲಿ ಕೂರಿಸ್ಕೊಂಡು ವೀರಭದ್ರಯ್ಯನ ಮನೆಗೆ ಹೋದೆ. ಪೆಟ್ಟಿಗೆ ತಗೊಂಡು ಹೋಗಲಿಲ್ಲ, ಅದು ಬ್ಯಾಟರಿ ಇಲ್ಲದೆ ಲ್ಯಾಬಿನ ಬೀರುವಲ್ಲಿತ್ತು. ನಾನು ನೇರವಾಗೇ ಕೇಳಿದೆ. "ಏನ್ ಯಜಮಾನ್ರೇ, ಈ ಮಗು ಕೇಳಿದಾಗ ಕೌಸಲ್ಯ ಅಂತ ಯಾರೂ ಇಲ್ಲ ಅಂದ್ರಂತೆ?"

ಅವರು ತಲೆ ತಗ್ಗಿಸಿದ್ರು. "ಇಲ್ಲ ಅಂದಿದ್ದು ಸುಳ್ಳಲ್ಲ ಸೋಮಶೇಖರಪ್ಪ. ಇದ್ಳಾ ಅಂತ ನೀವ್ಯಾರೂ ಕೇಳ್ಲಿಲ್ಲ."

ಇದ್ಲು. ಅವರು ಚಿಕ್ಕ ಹುಡುಗ ಆಗಿದ್ದಾಗ. ಆ ಪಂಪ್‌ಹೌಸ್ ಪಕ್ಕದ ಬಾವಿಗೇ ದೀಪ ಹಚ್ಚೋ ಹೊತ್ತಲ್ಲಿ ನೀರಿಗೆ ಹೋಗಿದ್ಲು. ಅವಳ ತಾಯಿ ಅಂಗಳದಲ್ಲಿ ನಿಂತು ಕೂಗಿದ್ಲು. "ಓ, ಬಂದೆ" ಅಂತ ಬಾವಿ ಕಡೆಯಿಂದ ಉತ್ತರ ಬಂತು, ಊರವರೆಲ್ಲ ಕೇಳಿಸ್ಕೊಂಡ್ರು ಅದನ್ನ. ಅವಳು ಬರಲಿಲ್ಲ. ಬಾವಿ ನೀರು ಖಾಲಿ ಮಾಡಿ ನೋಡಿದ್ರು. ಕೊಡ ಸಿಕ್ತು... ಅವಳು ಸಿಗಲಿಲ್ಲ. ತಾಯಿ ಸಾಯೋವರೆಗೂ ದಿನಾ ಅದೇ ಹೊತ್ತಿಗೆ ಅದೇ ಜಾಗದಲ್ಲಿ ನಿಂತು ಕೂಗ್ತಿದ್ಲಂತೆ. ಸತ್ತ ಮೇಲೂ ಕೂಗು ನಿಲ್ಲಲಿಲ್ಲ. ಊರವರಿಗೆ ರೂಢಿಯಾಗೋಯ್ತು. ಯಾರೂ ಹೆಣ್ಣುಮಗುಗೆ ಆ ಹೆಸರಿಡಲ್ಲ, ಯಾರೂ ಓಗೊಡಲ್ಲ, ಅಷ್ಟೇ. ಯಾರ ತಂಟೆಗೂ ಆಕೆ ಬಂದಿರಲಿಲ್ಲ.

"ಆ ಹೆಸ್ರು ಬ್ಯಾಡ ಅನ್ಬೇಕಾಗಿತ್ತು ನೀವು" ಅಂದೆ. ಕೋಪ ಬಂದಿತ್ತು ನನಗೆ.

"ಓದಿದ್ ಮಕ್ಳು, ನಗ್ತಾರೆ ಅಂತ ಸುಮ್ಕಾದೆ" ಅಂದ್ರು. "ಆ ಮಗೀನ ಕರ್ಕೊಂಡು ಹೊತ್ತು ಮುಳುಗಕ್ ಮುಂಚೆ ಹೊಂಟೋಗಿ. ಕೈ ಮುಗೀತೀನಿ."

ನಂದಿತಾ ಏಳಲಿಲ್ಲ.

"ಅಣ್ಣ, ನಾನ್ ಹೋಗಿ ಹೇಳ್ತೀನಿ."

"ಏನಂತ?"

"ಅದು ಪೆಟ್ಟಿಗೆ ಅಂತ. ಪಾಪ ಕಣಣ್ಣ... ಯಾರೂ ಓಗೊಟ್ಟಿರ್ಲಿಲ್ಲ ಆಯಮ್ಮಂಗೆ. ನಾನ್ ದಿನಾ ಬಂದೆ ಬಂದೆ ಅಂದಿದೀನಿ. ಹೇಳ್ದಿದ್ರೆ ಬಿಡಲ್ಲ."

ಹಗಲು ಕಂಡ ಬಾವಿಗೆ ಇರುಳು ಬೀಳ್ಬೇಡ ಕಣೇ ಅಂತ ಎಷ್ಟು ಹೇಳಿದೆ. ಕೇಳಲಿಲ್ಲ. ಅವಳದು ಹಟ ಅಲ್ಲ... ಕರುಳು. ಅದಕ್ಕೇ ನನಗೆ ತಡೆಯೋಕೆ ಆಗಲಿಲ್ಲ.

ದೀಪ ಹಚ್ಚೋ ಹೊತ್ತು. ಆಲದ ಮರದಲ್ಲಿ ಗಿಣಿಗಳು ಕಿಚಪಿಚ ಅಂತ ಜಾಗಕ್ಕೆ ಜಗಳ ಆಡ್ತಿದ್ವು. ನಂದಿತಾ ಬಾವಿ ಕಟ್ಟೆ ಹತ್ತಿರ ನಿಂತ್ಲು. ನಾನು ಬೈಕಿನ ಪಕ್ಕ, ಕೀ ಹಾಕೇ ಇಟ್ಟಿದ್ದೆ. ಕಪ್ಪೆ ಶುರುವಾಯ್ತು... ವಟರ್, ವಟರ್... ಜೀರುಂಡೆ ಶುರುವಾಯ್ತು...

ಎಲ್ಲಾ ಒಟ್ಟಿಗೆ ನಿಲ್ತು. ಗಿಣಿಗಳೂ.

"ಕೌಸಲ್ಯಾ..."

ನನ್ನ ಕಿವಿಯಾರೆ ಕೇಳಿದೆ. ಎಲ್ಲಿಂದ ಅಂತ ಕೇಳ್ಬೇಡಿ. ಅವಳ ಮುಂದೆಯೇ ನಿಂತು ಯಾರೋ ಕೂಗಿದ ಹಾಗಿತ್ತು, ಅಲ್ಲಿ ಯಾರೂ ಇರಲಿಲ್ಲ.

ನಂದಿತಾ ಕೈ ಮುಗಿದ್ಲು. "ಅವ್ವಾ... ನಾನ್ ಕೌಸಲ್ಯ ಅಲ್ಲ. ಅದು ಪೆಟ್ಟಿಗೆ. ನನ್ ದನಿ ಅದರೊಳಗಿತ್ತು ಅಷ್ಟೇ. ಕೌಸಲ್ಯ ಬರಲ್ಲ ಅವ್ವಾ... ಕಾಯ್ಬೇಡಿ. ನನ್ನ ಕ್ಷಮಿಸ್ಬುಡಿ."

ಸದ್ದಿಲ್ಲ... ಬಹಳ ಹೊತ್ತು ಸದ್ದಿಲ್ಲ. ಮುಗೀತು ಅಂದ್ಕೊಂಡೆ. ಒಂದು ಹೆಜ್ಜೆ ಮುಂದಿಟ್ಟೆ.

ಆಗ ಆ ದನಿ, ಮೆತ್ತಗೆ, ನಮ್ಮ ಊರಿನ ಯಾವ ಅಜ್ಜಿ ಬೇಕಾದ್ರೂ ಕೇಳೋ ಹಾಗೆ ಕೇಳ್ತು.

"ಹಂಗಾರೆ ನೀನ್ ಯಾರ್ ಮಗಳೇ, ಮಗಾ?"

ನಮ್ಮ ಕಡೆ ಹೆಣ್ಣುಮಕ್ಕಳು ಹೆಂಗೆ ಬೆಳೀತಾರೆ ಹೇಳಿ. ಹಿರಿಯರು ಯಾರ ಮಗಳು ಅಂತ ಕೇಳಿದ್ರೆ ಬಾಯಿಗೆ ಬೀಗ ಹಾಕ್ಕೊಂಡು ನಿಲ್ತಾರಾ? ನಾನು ಬೇಡ ಅನ್ನೋಕೆ ಬಾಯಿ ತೆಗೆಯೋ ಮುಂಚೆ ಇವಳು ಹೇಳೇಬಿಟ್ಲು.

"ನಂದಿತಾ ಅಂತ, ಅವ್ವಾ. ಉಪ್ಪಾರಹಳ್ಳಿ ಶಕುಂತಲಮ್ಮನ ಮಗಳು."

ಆ ದನಿ ಹೆಸರನ್ನ ಬಾಯಲ್ಲಿ ಆಡಿಸಿ ನೋಡ್ತು. ಹೊಸ ಹೆಸರು ಕಲಿಯೋರ ಹಾಗೆ.

"ನಂದಿ... ತಾ... ನಂದಿತಾ..."

ನಾನು ಓಡಿ ಹೋಗಿ ಅವಳ ಬಾಯಿಗೆ ಕೈ ಅಡ್ಡ ಇಟ್ಟೆ. ಓಗೊಡಬಾರದು ಅಂತ. ದರದರ ಎಳ್ಕೊಂಡು ಬಂದು ಬೈಕಿಗೆ ಹತ್ತಿಸಿದೆ. ಗುಬ್ಬಿ ಪೇಟೆ ದೀಪ ಕಾಣೋವರೆಗೂ ಗಾಡಿ ನಿಲ್ಲಿಸಲಿಲ್ಲ. ಅವಳು ಓಗೊಡಲಿಲ್ಲ, ಅದಂತೂ ಸತ್ಯ. ನನ್ನ ಕೈಯೇ ಅವಳ ಬಾಯಿ ಮೇಲಿತ್ತು.

ಅವತ್ತಿಂದ ಆ ಊರಲ್ಲಿ ಕೂಗು ನಿಂತಿದೆ. ವೀರಭದ್ರಯ್ಯ ನನ್ನ ಅಂಗಡಿಗೇ ಬಂದು ಹೇಳಿದ್ರು. ಅವರ ಮುಖದಲ್ಲಿ ಖುಷಿ ಇರಲಿಲ್ಲ. ಉಪ್ಪಾರಹಳ್ಳಿ ಬಾವಿ ಹತ್ರಾನೂ ಯಾರೂ ಏನೂ ಕೇಳಿಲ್ಲ. ಪೆಟ್ಟಿಗೆಗೆ ಬೇರೆ ಹೆಸರು, ಬೇರೆ ದನಿ ಹಾಕಿದ್ರು, ಡೆಮೋ ಮುಗೀತು, ಚಪ್ಪಾಳೆ ಬಿತ್ತು. ನಂದಿತಾ ನಗ್ತಾಳೆ, ಊಟ ಮಾಡ್ತಾಳೆ, ರಾತ್ರಿ ನಿದ್ದೆ ಮಾಡ್ತಾಳೆ. ಎಲ್ಲಾ ಸರಿ.

ಒಂದು ಬಿಟ್ಟು. ಹೆಸರು ಹಿಡಿದು ಕರೆದ್ರೆ ಅವಳಿಗೆ ಕೇಳ್ಸಲ್ಲ. ವೈವಾ ದಿನ ಹೊರಗಿನಿಂದ ಬಂದ ಪರೀಕ್ಷಕರು ಅವಳ ಹೆಸರು ಕರೆದ್ರು, ಕರೆದ್ರು... ಎದುರಿಗೇ ಕೂತಿದ್ಲಂತೆ, ಕಣ್ಣು ಮಿಟುಕಿಸ್ತಾ. ಶಮಂತ್ ಭುಜ ತಟ್ಟಿ ಎಬ್ಬಿಸಿದ. ಕಿವಿ ಡಾಕ್ಟರಿಗೆ ತೋರಿಸಿದ್ರು. ಸೂಜಿ ಬಿದ್ರೂ ಕೇಳುತ್ತೆ ಅಂದ್ರು ಡಾಕ್ಟರು. ಬೇರೆ ಯಾವ ಮಾತಾದ್ರೂ ಕೇಳುತ್ತೆ, ಅವಳ ಹೆಸರು ಮಾತ್ರ ಇಲ್ಲ.

ಹೋದ ತಿಂಗಳು ಅವರ ಮನೆಗೆ ಹೋಗಿದ್ದೆ. ಮುಸ್ಸಂಜೆ. ನಂದಿತಾ ನನ್ನ ಪಕ್ಕದಲ್ಲೇ ಸೋಫಾ ಮೇಲೆ ಕೂತು ಅವರೆಕಾಯಿ ಬಿಡಿಸ್ತಿದ್ಲು. ಚಿಕ್ಕಮ್ಮ ಅಡುಗೆಮನೇಲಿದ್ರು. ಕುಕ್ಕರ್ ಇಳಿಸ್ತಾ ಮೈಮರೆತು, ಮೊದಲಿನ ಹಾಗೇ ಕೂಗಿಬಿಟ್ರು.

"ನಂದಿತಾ..."

ನಂದಿತಾ ತಲೆ ಎತ್ತಲಿಲ್ಲ. ಅವಳ ಕೈಯಲ್ಲಿ ಸಿಪ್ಪೆ ಚಟ್ ಅಂತ ಮುರೀತು. ನಾನು ಅವಳ ಮುಖವನ್ನೇ ನೋಡ್ತಿದ್ದೆ, ತುಟಿ ಮುಚ್ಚಿತ್ತು.

ಹೊರಗಿನಿಂದ, ಗೇಟಿನ ಆಚೆಯಿಂದ, ಅವಳ ದನಿ ಬಂತು. "ಓ... ಬಂದೆ."

ನಾನು ಎದ್ದು ಹೋಗಿ ನೋಡಿದೆ. ಗೇಟು ಹಾಕಿತ್ತು. ಬೀದೀಲಿ ಯಾರೂ ಇರಲಿಲ್ಲ. ಒಳಗೆ ಬಂದಾಗ ಚಿಕ್ಕಮ್ಮ ಅಡುಗೆಮನೆ ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ರು. ಅವರಿಗೆ ಅದು ಮೊದಲನೇ ಸಲ ಅಲ್ಲ ಅಂತ ಆಗ ನನಗೆ ಗೊತ್ತಾಯ್ತು.

ನಂಬೋದು ಬಿಡೋದು ನಿಮಗೆ ಬಿಟ್ಟದ್ದು. ನಾನು ನೋಡಿದ್ದು, ಕೇಳಿದ್ದು ಹೇಳಿದೆ. ಈಗ ಚಿಕ್ಕಮ್ಮ ಮಗಳನ್ನ ಹೆಸರು ಹಿಡಿದು ಕರೆಯಲ್ಲ. ಅವಳ ರೂಮು ಮಹಡಿ ಮೇಲಿದೆ, ಇವರಿಗೆ ಮಂಡಿನೋವು. ಊಟಕ್ಕೆ ಕರೀಬೇಕು ಅಂದ್ರೆ ಕಂಬಿ ಹಿಡ್ಕೊಂಡು ಒಂದೊಂದೇ ಮೆಟ್ಟಿಲು ಹತ್ತಿ ಹೋಗಿ, ಭುಜ ಮುಟ್ಟಿ, "ಬಾ" ಅಂತಾರೆ.